ಅರ್ಜಿ ಬರೆಯಲೊಲ್ಲದ ಬತೂಲ್

ಬೆಳಗಿನ ಐದೂಕಾಲು. ಕಾಸಾಬ್ಲಾಂಕಾದ ಈ ಬೀದಿಯಲ್ಲಿ ಬೂಜಮಾನ ಹಾಲಿನಂಗಡಿ ಬಿಟ್ಟರೆ ಬೇರಾವ ಬಾಗಿಲೂ ತೆರೆದಿಲ್ಲ. ಒಳಗೆ ಕಾವಲಿಯ ಮೇಲೆ ಪದರ ರೊಟ್ಟಿ ಬೇಯುತ್ತಿದೆ. ಹೊರಗೆ ಮರದಡಿಯ ಪ್ಲಾಸ್ಟಿಕ್ ಮೇಜಿನ ಮುಂದೆ ಕುಳಿತ ಬತೂಲ್ ವಹ್ಬಿ ಒಂದು ಮಗುವಿನ ಫೋಟೋವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಾರೆ. ಎದುರಿಗೆ ಖನೀಫ್ರಾದ ಬಸ್ಸಿನಿಂದ ಈಗಷ್ಟೇ ಇಳಿದು ಬಂದ ಒಬ್ಬ ಗಂಡಸು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಅವನ ಹೆಂಡತಿ ಅಮೆರಿಕದಲ್ಲಿ, ಅವನೂ, ಪಕ್ಕದ ಮೆಟ್ಟಿಲ ಮೇಲೆ ಅಜ್ಜಿಯ ತೊಡೆಯಲ್ಲಿ ನಿದ್ದೆ ಹೋದ ಮಗುವೂ ಇಲ್ಲಿ. ಎಂಟು ಗಂಟೆಗೆ ಮಗುವಿನ ವೀಸಾಕ್ಕೆ ಸಂದರ್ಶನ.

"ಇದೇನಣ್ಣಾ ಇದು?" ಬತೂಲ್ ಕೇಳುತ್ತಾರೆ.

"ಮಗು, ಲಲ್ಲಾ." ಹಿರಿಯ ಹೆಂಗಸರನ್ನು ಇಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ.

"ಮಗು ಅಂತ ನಂಗೂ ಕಾಣ್ಸತ್ತೆ. ಪಕ್ಕದಲ್ಲಿ ಈ ಮದರಂಗಿ ಹಚ್ಚಿದ ಕೈ ಯಾರ್ದು?"

"ನಮ್ಮಮ್ಮಂದು. ಹಿಡ್ಕೊಳ್ದಿದ್ರೆ ಮಗು ವಾಲ್ಕೊಳ್ತಿತ್ತು."

"ಅಮೆರಿಕಕ್ಕೆ ಹೋಗ್ತಿರೋದು ಮಗು ಒಂದೇನಾ, ಇಲ್ಲ ನಿಮ್ಮಮ್ಮನ ಕೈನೂ ಜೊತೆಗೆ ಕಳಿಸ್ತಿದೀರಾ?"

ಕಾವಲಿಯ ಹಿಂದಿನಿಂದ ಬೂಜಮಾ ನಗುತ್ತಾನೆ. ಗಂಡಸು ನಗುವುದಿಲ್ಲ. ಬತೂಲ್ ಫೋಟೋವನ್ನು ಅವನ ಟೋಪಿಯೊಳಗೆ ಹಾಕಿ, ಮೂಲೆಯ ಸ್ಟುಡಿಯೋದವನು ಏಳಕ್ಕೆ ಬಾಗಿಲು ತೆಗೆಯುತ್ತಾನೆಂದೂ, ಬಿಳಿ ಬಟ್ಟೆಯ ಮೇಲೆ ಮಲಗಿಸಿ ಮೇಲಿನಿಂದ ತೆಗೆಯಲು ಹೇಳಬೇಕೆಂದೂ, ಮಗು ಕಣ್ಣು ಬಿಟ್ಟಿರಬೇಕೆಂದೂ ಹೇಳಿ ಕಳಿಸುತ್ತಾರೆ. ಅವನು ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ, ಮಗು ಕಣ್ಣು ಬಿಡದಿದ್ದರೆ ಏನು ಮಾಡುವುದೆಂದು ಕೇಳುತ್ತಾನೆ. ಬತೂಲ್ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಈ ಬೀದಿಯ ಮೂರನೇ ಮಹಡಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಬೀದಿಯ ಕೊನೆಯ ಅಮೆರಿಕದ ಕಾನ್ಸುಲೇಟಿನ ಸರತಿಗೆ ಬರುವ ಜನ ನಮ್ಮ ಮೆಟ್ಟಿಲ ಮೇಲೆ ಕೂತು ಮೊಟ್ಟೆ ಸುಲಿದು ತಿನ್ನುವುದನ್ನು, ಮರೆತ ಕಾಗದ ನೆನಪಾಗಿ ಎದೆ ಬಡಿದುಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿದೆ. ಮೊದಮೊದಲು ಅಯ್ಯೋ ಅನಿಸುತ್ತಿತ್ತು, ಈಗ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂದು ಮಾತ್ರ ಕೇಳಬೇಡಿ. ಒಂದು ದಿನ ಆ ಕಾಗದಗಳ ಮೇಲೆ, ಇನ್ನೊಂದು ದಿನ ಓದದೆ ಸಹಿ ಹಾಕುವ ಈ ಜನರ ಮೇಲೆ. ಇಷ್ಟು ವರ್ಷದಲ್ಲಿ ಒಂದು ದಿನವೂ ತಾಳ್ಮೆ ಕಳೆದುಕೊಳ್ಳದವರನ್ನು ನಾನು ಇಲ್ಲಿ ಕಂಡಿಲ್ಲ. ಬತೂಲ್ ಅಂತೂ ದಿನಕ್ಕೆ ಹತ್ತು ಸಲ ಕಳೆದುಕೊಳ್ಳುತ್ತಾರೆ. ಆದರೂ ಮರುದಿನ ಐದಕ್ಕೆ ಬಂದು ಕೂರುತ್ತಾರೆ.

ಅವರದು ಅರ್ಜಿ ಬರೆಯುವ ಕೆಲಸ. ಸರ್ಕಾರಿ ಕಚೇರಿಗಳ ಮುಂದೆ ಕೂರುವವರ ಕೆಲಸವೇ, ಜಾಗ ಮಾತ್ರ ಬೇರೆ. ಅರವತ್ತೊಂದು ವಯಸ್ಸು, ಬೂದು ಬಣ್ಣದ ಜಲ್ಲಾಬಾ ನಿಲುವಂಗಿ, ಕನ್ನಡಕದ ಮೇಲೊಂದು ಕನ್ನಡಕ. ಹಳೆಯ ಲ್ಯಾಪ್‌ಟಾಪು ಚೀಲದಲ್ಲಿರುತ್ತದೆ. ಪ್ರಿಂಟರನ್ನು ಬೂಜಮಾ ತನ್ನ ಅಂಗಡಿಯೊಳಗೆ ಮಜ್ಜಿಗೆಯ ಫ್ರಿಜ್ಜಿನ ಪಕ್ಕ ಇಟ್ಟುಕೊಟ್ಟಿದ್ದಾನೆ. ಹಾಗಾಗಿ ಇವರಲ್ಲಿ ಮುದ್ರಿಸಿದ ಕಾಗದಕ್ಕೆಲ್ಲ ಸ್ವಲ್ಪ ಬೆಣ್ಣೆಯ ವಾಸನೆ. ಒಂಬತ್ತರವರೆಗೆ ಮೇಜು ಇವರದು, ಆಮೇಲೆ ಬೂಜಮಾನ ಗಿರಾಕಿಗಳದು. ಅಷ್ಟರೊಳಗೆ ಹದಿನೈದರಿಂದ ಇಪ್ಪತ್ತು ಜನ ಬಂದು ಹೋಗುತ್ತಾರೆ. ಹುಟ್ಟಿದ ದಿನವೂ ತಿಂಗಳೂ ಯಾರಿಗೂ ಗೊತ್ತಿಲ್ಲದೆ ಬರೀ ವರ್ಷ ಮಾತ್ರ ದಾಖಲಾಗಿರುವ ಮುದುಕರು ವಾರಕ್ಕೆ ಮೂವರಾದರೂ ಬರುತ್ತಾರೆ. ಅಂಥವರ ಅರ್ಜಿಯನ್ನು ಕಂಪ್ಯೂಟರು ಮುಂದಕ್ಕೆ ಬಿಡುವುದಿಲ್ಲ. ಅದರ ಜೊತೆ ಬತೂಲ್ ಮಾಡುವ ಜಗಳವನ್ನು ಬೀದಿಯೆಲ್ಲ ಕೇಳಿಸಿಕೊಳ್ಳುತ್ತದೆ.

ಊರು ಸೆತ್ತಾತ್. ಮದುವೆಯಾಗಿ ಬಂದದ್ದು ಇಲ್ಲಿಗೆ. ಮಗಳು ಕೌತರ್‌ಗೆ ಮೂರು ವರ್ಷವಿದ್ದಾಗ ಗಂಡ ತೀರಿಕೊಂಡ. ಬತೂಲ್ ಒಬ್ಬ ಪ್ರಮಾಣಿತ ಅನುವಾದಕನ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಇಪ್ಪತ್ತೇಳು ವರ್ಷ ಜನನ ಪತ್ರ, ಮದುವೆ ಪತ್ರ, ಮರಣ ಪತ್ರ ಹೊಡೆದರು. ಅನುವಾದಕನಿಗೆ ವಯಸ್ಸಾಗಿ ಕಚೇರಿ ಮುಚ್ಚಿದ ಮೇಲೆ ಈ ಮೇಜು. ವಾರ್ಡಿನ ಅಧಿಕಾರಿ ಎರಡು ಸಲ ಎಬ್ಬಿಸಿದ್ದ. ಎರಡು ಸಲವೂ ಬೂಜಮಾ ಎದುರು ನಿಂತು, "ಇವ್ರು ನಮ್ಮ ಚಿಕ್ಕಮ್ಮ. ಚಹಾ ಕುಡಿಯೋಕೆ ಬಂದಿದಾರೆ. ಚಹಾ ಕುಡಿಯೋದು ತಪ್ಪಾ?" ಎಂದು ವಾದಿಸಿದ್ದ. ಚಿಕ್ಕಮ್ಮನೂ ಅಲ್ಲ, ಏನೂ ಅಲ್ಲ.

ಇಷ್ಟೇ ಆಗಿದ್ದರೆ ನಾನು ಬತೂಲ್ ಬಗ್ಗೆ ಬರೆಯುತ್ತಿರಲಿಲ್ಲ. ಅರ್ಜಿ ಬರೆಯುವವರು ಊರ ತುಂಬ ಇದ್ದಾರೆ. ಅರ್ಜಿ ಬರೆಯುವುದಿಲ್ಲ ಎಂದು ಗಿರಾಕಿಯ ಜೊತೆ ಜಗಳಕ್ಕೆ ನಿಲ್ಲುವವರು ಇವರೊಬ್ಬರೇ.

ಆ ಜಗಳ ಅರ್ಥವಾಗಬೇಕಾದರೆ ಒಂದು ನಿಯಮ ಗೊತ್ತಿರಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಅಮೆರಿಕ ಸರ್ಕಾರ ವರ್ಷವರ್ಷ ನಡೆಸುವ ಲಾಟರಿಯಲ್ಲಿ ಆ ದೇಶದ ಕಾಯಂ ವಾಸದ ಕಾರ್ಡು ಸಿಕ್ಕಿದೆ. ಕಾರ್ಡು ಸಿಕ್ಕ ಮಾತ್ರಕ್ಕೆ ಆ ದೇಶದ ಪ್ರಜೆಯಾದ ಹಾಗಲ್ಲ. ಕಾರ್ಡಿನವರ ಮಗು ಹೊರದೇಶದಲ್ಲಿ ಹುಟ್ಟಿದರೆ ಅದಕ್ಕಾಗಿ ಅರ್ಜಿ ಹಾಕಬೇಕು, ಸರತಿಯಲ್ಲಿ ಕಾಯಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಆದರೆ ತಾಯಿ ಕಾರ್ಡಿನವಳಾಗಿದ್ದು, ಊರಿಗೆ ಬಂದುಹೋಗುವ ನಡುವೆ ಇಲ್ಲಿ ಹೆತ್ತಿದ್ದರೆ ಅರ್ಜಿಯೇ ಬೇಕಿಲ್ಲ, ವೀಸಾವೂ ಬೇಕಿಲ್ಲ. ಮಗುವಿಗೆ ಎರಡು ವರ್ಷ ತುಂಬುವುದರೊಳಗೆ, ಹೆರಿಗೆಯ ನಂತರ ತಾನು ಮೊದಲ ಸಲ ವಾಪಸು ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋದರೆ ಸಾಕು. ಅಪ್ಪನೂ ಕಾರ್ಡಿನವನಾಗಿದ್ದರೆ ಅವನ ಮೊದಲ ವಾಪಸು ಪ್ರಯಾಣಕ್ಕೂ ಇದೇ ಮಾತು. ಆದರೆ ಮಗುವನ್ನು ಬಿಟ್ಟು ಒಂದು ಸಲ ಹೋಗಿಬಿಟ್ಟರೆ ಆ ದಾರಿ ಮುಚ್ಚಿತು. ಆಮೇಲೆ ಮರುದಿನವೇ ಓಡಿ ಬಂದು ಮಗುವನ್ನು ಎತ್ತಿಕೊಂಡರೂ ಪ್ರಯೋಜನವಿಲ್ಲ.

ನಮ್ಮ ಜನ ಏನು ಮಾಡುತ್ತಾರೆ ಹೇಳಿ? ಬಿಟ್ಟೇ ಹೋಗುತ್ತಾರೆ! ಬಾಣಂತಿಗೆ ನಲವತ್ತು ದಿನ ಮೆಂತ್ಯ ಹಾಕಿದ ಕೋಳಿ ತಿನ್ನಿಸಿ ಮೈ ಗಟ್ಟಿ ಮಾಡುತ್ತಾರೆ. ರಜೆ ಮುಗಿಯುತ್ತದೆ. ಅಲ್ಲಿ ಚಳಿ, ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಪಾಳಿಯಲ್ಲಿ ದುಡಿಯುವವರು. ಆಗ ಅಜ್ಜಿ, "ಇಲ್ಲೇ ಇರಲಿ ಬಿಡು, ಬೇಸಗೆಗೆ ಬಂದು ಕರ್ಕೊಂಡು ಹೋಗು" ಅನ್ನುತ್ತಾಳೆ. ಮೊದಲ ಮೊಮ್ಮಗು ಅಜ್ಜಿಯ ಮನೆಯಲ್ಲಿ ಬೆಳೆಯುವುದು ಇಲ್ಲಿ ಹೊಸದೇನಲ್ಲ. ಕೊಡದಿದ್ದರೆ ಸೊಸೆ ಕಲ್ಲು ಮನಸ್ಸಿನವಳು ಅನ್ನಿಸಿಕೊಳ್ಳುತ್ತಾಳೆ. ಹೀಗೆ ಎಲ್ಲರೂ ಒಳ್ಳೆಯವರಾಗಿ ಸೇರಿ ಮಗುವಿನ ಬಾಗಿಲು ಮುಚ್ಚುತ್ತಾರೆ. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಗಾಜಿನ ಬಾಗಿಲಿನ ಒಬ್ಬ ಸಲಹೆಗಾರರಿದ್ದಾರೆ. ಅವರನ್ನು ಕೇಳಿದರೆ ನಗುತ್ತಾ ಅರ್ಜಿ ಹಾಕೋಣ ಅನ್ನುತ್ತಾರೆ. ಯಾಕೆ ಅನ್ನುವುದಿಲ್ಲ? ಅವರ ಅಂಗಡಿ ನಡೆಯುವುದೇ ಅರ್ಜಿಯಿಂದ.

ಬತೂಲ್ ಅವರ ಅಂಗಡಿ ನಡೆಯುವುದೂ ಅರ್ಜಿಯಿಂದಲೇ. ಆದರೂ ಮೇಜಿನ ಮುಂದೆ ಬಂದ ಪ್ರತಿ ಬಸುರಿಗೆ, ಪ್ರತಿ ಬಾಣಂತಿಗೆ, ಅವರ ಜೊತೆ ಬಂದ ಪ್ರತಿ ಅಜ್ಜಿಗೆ ಇದನ್ನೇ ಹೇಳುತ್ತಾರೆ. ವಾರಕ್ಕೆ ಆರು ಮಂದಿಯಾದರೂ ಕಾಲ ಮಿಂಚಿದ ಮೇಲೆ ಬರುತ್ತಾರಂತೆ. ಕಾಲ ಮಿಂಚುವ ಮೊದಲು ಬರುವವರು ತಿಂಗಳಿಗೆ ಒಬ್ಬರೋ ಇಬ್ಬರೋ.

ಇಬ್ತಿಸ್ಸಾಮ್ ಅಂಥ ಒಬ್ಬಳು. ನಾನು ಈ ಬರಹಕ್ಕಾಗಿ ಬತೂಲ್ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಮೊದಲ ಮಂಗಳವಾರವೇ ಅವಳು ಬರುತ್ತಾಳೆ. ಇಪ್ಪತ್ತೆಂಟರ ಹೆಂಗಸು, ನ್ಯೂ ಜೆರ್ಸಿಯ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಜೊತೆಗೆ ಅತ್ತೆ ತಾಮೂ, ಹಜ್ ಯಾತ್ರೆ ಮಾಡಿಬಂದದ್ದರಿಂದ ಎಲ್ಲರಿಗೂ ಹಾಜ್ಜಾ ತಾಮೂ. ಅತ್ತೆಯ ಬೆನ್ನಿಗೆ ಶಾಲಿನಲ್ಲಿ ಕಟ್ಟಿಕೊಂಡ ಮೂರು ತಿಂಗಳ ಸೊಹೈಬ್, ನಿದ್ದೆಯಲ್ಲಿ. ಅವರಿಗೆ ಬೇಕಾದದ್ದು ಸಣ್ಣ ಕಾಗದ. ಮಗುವಿನ ಲಸಿಕೆ, ಪಾಸ್‌ಪೋರ್ಟು ಎಲ್ಲದಕ್ಕೂ ಅಜ್ಜಿ ಸಹಿ ಹಾಕಬಹುದು ಅಂತ ತಾಯಿ ಬರೆದುಕೊಡುವ ಅಧಿಕಾರ ಪತ್ರ.

"ವಿಮಾನ ಯಾವತ್ತು ಮಗಳೇ?" ಬತೂಲ್ ಕೇಳುತ್ತಾರೆ.

"ಭಾನುವಾರ, ಲಲ್ಲಾ."

"ಮಗೂಗೆ ಟಿಕೆಟ್ ತಗೊಂಡ್ಯಾ?"

"ಅವ್ನು ಹಾಜ್ಜಾ ಹತ್ರ ಇರ್ತಾನೆ. ಸೋಮವಾರ ನಾನು ಕಾರ್ಖಾನೆಗೆ ಹೋಗ್ದಿದ್ರೆ ಕೆಲಸ ಹೋಗತ್ತೆ. ಬೇಸಗೆಗೆ ಬಂದು ಕರ್ಕೊಂಡ್ಹೋಗ್ತೀನಿ."

ಬತೂಲ್ ಪೆನ್ನಿನ ಮುಚ್ಚಳ ಹಾಕುತ್ತಾರೆ. "ನಾನು ಬರಿಯಲ್ಲ."

ಹಾಜ್ಜಾ ತಾಮೂ ಮೊದಲ ಸಲ ಬಾಯಿ ತೆರೆಯುತ್ತಾಳೆ. "ಬರಿಯಲ್ಲ ಅಂದ್ರೆ? ಬರೆಯೋಕೆ ತಾನೇ ಕೂತಿರೋದು?"

ಬತೂಲ್ ನಿಯಮ ಹೇಳುತ್ತಾರೆ. ನಿಧಾನವಾಗಿ, ಒಂದು ಸಲ. ಆಮೇಲೆ ಜೋರಾಗಿ ಇನ್ನೊಂದು ಸಲ. ಇಬ್ತಿಸ್ಸಾಮ್ ಮುಖ ಬಿಳುಚಿಕೊಳ್ಳುತ್ತದೆ. ಎದುರು ಕಟ್ಟಡದಲ್ಲಿ ವಿಚಾರಿಸಿದ್ದೇವೆ, ಅರ್ಜಿ ಹಾಕಿದರೆ ಹೆಚ್ಚೆಂದರೆ ಒಂದೂವರೆ ವರ್ಷ ಅಂದಿದ್ದಾರೆ ಅನ್ನುತ್ತಾಳೆ.

"ಒಂದೂವರೆ ವರ್ಷ ಅಂತ ಬರ್ಕೊಡ್ತಾರಾ ಕೇಳು. ಕೇಳಿದ್ಯಾ? ನಿನ್ನ ಗಂಡ ಎಲ್ಲಿ?"

"ಅಲ್ಲೇ. ಹೆಸರಿಡೋ ದಿನಕ್ಕೆ ಬಂದಿದ್ರು, ಕುರಿ ಕೊಯ್ದು ಊಟ ಹಾಕಿ ವಾಪಸ್ ಹೋದ್ರು. ಅವ್ರಿಗೂ ಕಾರ್ಡಿದೆ."

"ಹಂಗಾದ್ರೆ ಅವನ ದಾರಿ ಕುರಿ ಊಟದ ಜೊತೆ ಮುಗೀತು. ಉಳಿದಿರೋದು ನಿಂದೊಂದೇ. ಅದನ್ನೂ ಭಾನುವಾರ ಮುಚ್ಚೋಕೆ ಹೊರಟಿದೀಯ."

"ಐದು ಮಕ್ಕಳನ್ನ ಬೆಳ್ಸಿದೀನಿ ನಾನು," ಹಾಜ್ಜಾ ದನಿ ಏರಿಸುತ್ತಾಳೆ. ಬೆನ್ನ ಮೇಲಿನ ಮಗು ಕಣ್ಣು ಬಿಡುತ್ತದೆ. "ಒಂದಕ್ಕೂ ಕೆಮ್ಮು ಬರೋಕೆ ಬಿಡ್ಲಿಲ್ಲ. ಕಾರ್ಖಾನೆಗೆ ಹೋಗೋಳು ಮಗು ನೋಡ್ಕೋತಾಳಾ? ಯಾರ್ಯಾರ್ದೋ ಮನೇಲಿ ಬಿಟ್ಟು ಹೋಗ್ತಾಳೆ. ಅದಕ್ಕಿಂತ ಕಾಗದಕ್ಕೆ ಕಾಯೋದೇ ವಾಸಿ. ನನ್ನ ಹತ್ರ ಇದ್ರೆ ಅವ್ನಿಗೇನು ಕಮ್ಮಿ?"

"ಏನೂ ಕಮ್ಮಿ ಇಲ್ಲ ಹಾಜ್ಜಾ. ಅದೇ ತೊಂದ್ರೆ," ಎಂದು ಬತೂಲ್ ತಮ್ಮ ಫೋನು ತೆಗೆದು ಮೇಜಿನ ಮೇಲಿಡುತ್ತಾರೆ. ಪರದೆಯ ಮೇಲೆ ಎರಡು ಜಡೆಯ ಒಬ್ಬಳು ಹುಡುಗಿ.

ಇದು ಹಿಬಾ, ಅವರ ಮೊಮ್ಮಗಳು. ನಾಲ್ಕೂವರೆ ವರ್ಷ. ಕೌತರ್‌ಗೆ ಲಾಟರಿಯಲ್ಲಿ ಕಾರ್ಡು ಸಿಕ್ಕಿತ್ತು, ಗಂಡನಿಗೆ ಇರಲಿಲ್ಲ. ಹೆರಿಗೆಗೆ ಬಂದಳು. ಎರಡು ತಿಂಗಳ ಮಗುವನ್ನು ಬಿಟ್ಟು ಹೋಗು ಎಂದು ಹೇಳಿದ್ದು ಬೇರೆ ಯಾರೂ ಅಲ್ಲ, ಬತೂಲ್. ಇಪ್ಪತ್ತೇಳು ವರ್ಷ ಇಂಥದ್ದೇ ಕಾಗದ ಟೈಪ್ ಮಾಡಿದವರು. ಕಚೇರಿಯಲ್ಲಿ ಅವರು ಹೊಡೆದದ್ದು ಜನನ ಪತ್ರ. ಆ ಪತ್ರ ಹಿಡಿದುಕೊಂಡು ಹೋದವರಿಗೆ ಮುಂದೇನಾಗುತ್ತದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಆಮೇಲೆ ಕೌತರ್ ಮತ್ತು ಅವಳ ಗಂಡ ಬೇರೆಯಾದರು. ಅರ್ಜಿ ಹಾಕಿ ನಾಲ್ಕು ವರ್ಷವಾಗುತ್ತಾ ಬಂತು. ಒಂದು ಸಲ ಕಾಗದ ಕಮ್ಮಿಯಿದೆ ಅಂತ ವಾಪಸು ಬಂತು, ಆಮೇಲೆ ಸರತಿ ನಿಂತಿತು, ಈಗ ಸಂದರ್ಶನದ ಪತ್ರ ಬರುತ್ತದೆ ಅನ್ನುತ್ತಿದ್ದಾರೆ.

"ಹಾಜ್ಜಾ, ಇವ್ಳು ನನ್ನ ಅಮ್ಮಾ ಅಂತಾಳೆ. ಹೆತ್ತೋಳನ್ನ ಕೌತರ್ ಅಂತ ಹೆಸರು ಹಿಡಿದು ಕರೀತಾಳೆ," ಬತೂಲ್ ಹೇಳುತ್ತಾರೆ. ಈಗ ದನಿಯಲ್ಲಿ ಜೋರಿಲ್ಲ. "ಹೋದ ಬೇಸಗೆ ಕೌತರ್ ಬಂದಿದ್ಲು. ಹನ್ನೊಂದು ದಿನ ರಜೆ. ಪಕ್ಕದಲ್ಲಿ ಮಲ್ಕೋ ಬಾ ಅಂತ ಕರೆದ್ರೆ ಈ ಹುಡುಗಿ ಏನಂದ್ಲು ಗೊತ್ತಾ? ನಾನು ನೆಂಟರ ಜೊತೆ ಮಲಗಲ್ಲ ಅಂದ್ಲು. ನನ್ನ ಮಗಳು ಬಚ್ಚಲು ಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಕೂತ್ಬಿಟ್ಲು. ನಾನು ಹೊರಗೆ ನಿಂತಿದ್ದೆ. ಅವ್ಳಿಗೇನು ಹೇಳ್ಲಿ? ನಾನೇ ಮಾಡಿದ್ದು."

ಬೂಜಮಾ ರೊಟ್ಟಿ ಮಗುಚುವುದನ್ನು ನಿಲ್ಲಿಸಿದ್ದಾನೆ. ಹಾಜ್ಜಾ ತಾಮೂ ಫೋನಿನ ಕಡೆ ನೋಡಿ, ಬತೂಲ್ ಕಡೆ ನೋಡಿ, ಶಾಲು ಬಿಗಿ ಮಾಡಿಕೊಂಡು ಎದ್ದು ನಿಲ್ಲುತ್ತಾಳೆ.

"ನಿನ್ನ ಮನೆ ಗೋಳನ್ನ ನನ್ನ ಮೊಮ್ಮಗನ ತಲೆ ಮೇಲೆ ಯಾಕೆ ಸುರೀತೀಯಾ? ನಡಿಯೇ ಇಬ್ತಿಸ್ಸಾಮ್. ಅಂಚೆ ಕಚೇರಿ ಮುಂದೆ ಬರಿಯೋನು ಇದಾನೆ. ಅವ್ನು ಮಾತಾಡಲ್ಲ, ಬರೀತಾನೆ."

ಇಬ್ತಿಸ್ಸಾಮ್ ಎರಡು ಸಲ ತಿರುಗಿ ನೋಡುತ್ತಾ ಹೋಗುತ್ತಾಳೆ. ಅಂದು ಬತೂಲ್ ಬೇರೆ ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ಬೂಜಮಾ ಕೊಟ್ಟ ಪುದೀನಾ ಚಹಾ ಆರಿ ತಣ್ಣಗಾಗುತ್ತದೆ. "ಆ ಅಂಚೆ ಕಚೇರಿಯೋನು ಕತ್ತೆಗೆ ಅಧಿಕಾರ ಪತ್ರ ಬೇಕು ಅಂದ್ರೂ ಬರೀತಾನೆ," ಎಂದು ನನ್ನ ಮೇಲೆ ಹರಿಹಾಯುತ್ತಾರೆ, ನಾನೇ ಅವನನ್ನು ಅಲ್ಲಿ ಕೂರಿಸಿದ ಹಾಗೆ. ಹೀಗೆ ಎದ್ದು ಹೋದವರು ಎಷ್ಟು ಮಂದಿ ಎಂದು ಕೇಳುತ್ತೇನೆ. "ಲೆಕ್ಕ ಇಟ್ಟಿಲ್ಲ. ಇಟ್ರೆ ಮರುದಿನ ಬರೋಕಾಗಲ್ಲ," ಅನ್ನುತ್ತಾರೆ. ನನಗೂ ಸಿಟ್ಟು ಬಂದಿದೆ. ಇಷ್ಟು ಸರಳವಾದ ವಿಷಯವನ್ನು ವಿಮಾನದ ಟಿಕೆಟಿನ ಮೇಲೆ ಒಂದು ಸಾಲು ಅಚ್ಚು ಹಾಕಿದ್ದರೆ ಸಾಕಿತ್ತು. ಹಾಕಿಲ್ಲ. ಅದಕ್ಕಾಗಿ ಒಬ್ಬ ಮುದುಕಿ ಮರದ ಕೆಳಗೆ ಗಂಟಲು ಹರಿದುಕೊಳ್ಳಬೇಕು.

ಗುರುವಾರ ಐದೂವರೆಗೆ ಇಬ್ತಿಸ್ಸಾಮ್ ಒಬ್ಬಳೇ ಬಂದು ನಿಂತಿದ್ದಾಳೆ, ಮಗುವನ್ನು ಎದೆಗೆ ಅವಚಿಕೊಂಡು.

"ಪಾಸ್‌ಪೋರ್ಟಿಗೆ ಎಷ್ಟು ದಿನ ಹಿಡಿಯತ್ತೆ ಲಲ್ಲಾ?"

ಬತೂಲ್ ಹಿಗ್ಗುವುದಿಲ್ಲ, ತಬ್ಬಿಕೊಳ್ಳುವುದೂ ಇಲ್ಲ. ಕನ್ನಡಕದ ಮೇಲೆ ಕನ್ನಡಕ ಏರಿಸಿ ಕೆಲಸ ಶುರು ಮಾಡುತ್ತಾರೆ. ಟಿಕೆಟ್ಟನ್ನು ಮೂರು ವಾರ ಮುಂದೆ ಹಾಕಬೇಕು. ಹಾಗೆ ಹಾಕಿದರೂ ಇಬ್ತಿಸ್ಸಾಮ್ ಅಲ್ಲಿಂದ ಹೊರಟು ಆರು ತಿಂಗಳು ಮೀರುವುದಿಲ್ಲ, ಮೀರಿದ್ದರೆ ಅವಳ ಕಾರ್ಡಿನ ಬಗ್ಗೆಯೇ ಪ್ರಶ್ನೆ ಏಳುತ್ತಿತ್ತು. ಕಾರ್ಖಾನೆಯ ಕೆಲಸ ಹೋಗುತ್ತದೆ. "ಹೋಗತ್ತೆ ಮಗಳೇ, ಸುಳ್ಳು ಹೇಳಲ್ಲ," ಅನ್ನುತ್ತಾರೆ. ಮಗುವಿನ ಪಾಸ್‌ಪೋರ್ಟಿಗೆ ಅಪ್ಪನ ಒಪ್ಪಿಗೆ ಪತ್ರ ಬೇಕು, ಅವನು ಅಲ್ಲಿಯ ನಮ್ಮ ಕಾನ್ಸುಲೇಟಿಗೆ ಹೋಗಿ ಸಹಿ ಹಾಕಿ ಕಳಿಸಬೇಕು. ಮತ್ತೆ ಮದುವೆ, ಮಕ್ಕಳ ಹುಟ್ಟು ಎಲ್ಲ ದಾಖಲಾಗುವ ಸರ್ಕಾರಿ ಕುಟುಂಬ ಪುಸ್ತಕ ಬೇಕು, ಮಗುವಿನ ಹೆಸರು ಸೇರಿಸಿದ್ದು.

ಇಲ್ಲಿ ಇಬ್ತಿಸ್ಸಾಮ್ ತಲೆ ತಗ್ಗಿಸುತ್ತಾಳೆ. ಕುಟುಂಬ ಪುಸ್ತಕ ಹಾಜ್ಜಾಳ ಬೀರುವಿನಲ್ಲಿದೆ, ಕೀಲಿ ಹಾಜ್ಜಾಳ ಕೊರಳಲ್ಲಿ. ಮಂಗಳವಾರದಿಂದ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಅಂಚೆ ಕಚೇರಿಯ ಮುಂದಿನವನಿಂದ ಬರೆಸಿದ ಅಧಿಕಾರ ಪತ್ರ ಊಟದ ಮೇಜಿನ ಮೇಲೆ ಬಿದ್ದಿದೆ, ಇಬ್ತಿಸ್ಸಾಮ್ ಇನ್ನೂ ಸಹಿ ಹಾಕಿಲ್ಲ.

"ಮೊದ್ಲು ನಿನ್ನ ಗಂಡನಿಗೆ ಫೋನ್ ಮಾಡು," ಅನ್ನುತ್ತಾರೆ ಬತೂಲ್.

ರದ್ವಾನ್ ಅಲ್ಲಿ ಪಾಳಿಯ ನಡುವೆ ಫೋನು ಎತ್ತುತ್ತಾನೆ. ಹಿಂದೆ ಯಂತ್ರದ ಸದ್ದು. ಕಾನ್ಸುಲೇಟಿಗೆ ಹೋಗಲು ರಜೆ ಸಿಗುವುದಿಲ್ಲ, ಅಮ್ಮ ಫೋನಿನಲ್ಲಿ ಅಳುತ್ತಿದ್ದಾಳೆ, ಬೇಸಗೆಗೆ ನೋಡೋಣ ಅನ್ನುತ್ತಾನೆ. ಬತೂಲ್ ಫೋನು ಕಸಿದುಕೊಳ್ಳುತ್ತಾರೆ.

"ಲೋ ರದ್ವಾನ್, ನಾನು ಯಾರು ಅಂತ ಆಮೇಲೆ ಹೇಳ್ತೀನಿ. ಕುರಿ ಕೊಯ್ಯೋಕೆ ಸಮುದ್ರ ದಾಟಿ ಬಂದ್ಯಲ್ಲಾ, ಅದಕ್ಕೆ ರಜೆ ಕೊಟ್ರಾ? ಒಂದು ಸಹಿ ಹಾಕೋಕೆ ಕೊಡಲ್ವಾ? ನಿನ್ನ ಮಗ ನಿನ್ನನ್ನ ಫೋನಲ್ಲಿ ನೋಡಿ ಕೈ ಬೀಸೋದು ಕಲೀತಾನೆ, ಅಷ್ಟೇ ಸಾಕಾ ನಿಂಗೆ? ಸಾಕು ಅಂದ್ರೆ ಹೇಳು. ನಾನು ಚಹಾ ಕುಡಿದು ಮನೆಗೆ ಹೋಗ್ತೀನಿ."

ಆ ಕಡೆ ಯಂತ್ರದ ಸದ್ದು ದೂರವಾಗುತ್ತದೆ, ಅವನು ಹೊರಗೆ ಬಂದಿರಬೇಕು. ಆಮೇಲೆ ರದ್ವಾನ್, "ಯಾವ್ಯಾವ ಕಾಗದ ತಗೊಂಡು ಹೋಗ್ಬೇಕು ಲಲ್ಲಾ?" ಅನ್ನುತ್ತಾನೆ.

ಮಗುವಿನ ಪ್ರಯಾಣಕ್ಕಾಗಿ ಬತೂಲ್ ಒಂದೇ ಒಂದು ಅರ್ಜಿಯನ್ನೂ ಬರೆಯುವುದಿಲ್ಲ. ಬೂಜಮಾ ರೊಟ್ಟಿ ಸುತ್ತುವ ಕಾಗದದ ಹಾಳೆ ಹರಿದು ಅದರ ಮೇಲೆ ಒಯ್ಯಬೇಕಾದದ್ದನ್ನು ಗುರುತು ಮಾಡಿಕೊಡುತ್ತಾರೆ. ಜನನ ಪತ್ರದ ಪೂರ್ತಿ ನಕಲು, ಅದರ ಅನುವಾದ, ಮಗುವಿನ ಪಾಸ್‌ಪೋರ್ಟು, ತಾಯಿಯ ಕಾರ್ಡು, ಅವಳು ಹೆರಿಗೆಗೆ ಬಂದಿಳಿದಾಗಿನ ಮೊಹರು. "ವಿಮಾನದ ಕೌಂಟರಲ್ಲಿ ಕೂತಿರೋ ಹುಡುಗಿಗೆ ಇದು ಗೊತ್ತಿರತ್ತೆ ಅಂತ ನಂಬ್ಬೇಡ. ಮಗೂಗೆ ವೀಸಾ ಎಲ್ಲಿ ಅಂತಾಳೆ. ಅಳ್ಬೇಡ, ಕಿರುಚ್ಬೇಡ. ಹೆತ್ತ ಮೇಲೆ ಇದು ನನ್ನ ಮೊದಲ್ನೇ ವಾಪಸು ಪ್ರಯಾಣ ಅನ್ನು, ಮೇಲಿನವ್ರನ್ನ ಕರೀರಿ ಅನ್ನು. ಅವ್ರು ಬರೋವರ್ಗೂ ಅಲ್ಲಿಂದ ಕದಲ್ಬೇಡ. ನಾಲ್ಕು ಗಂಟೆ ಮುಂಚೆ ಹೋಗು." ಇಬ್ತಿಸ್ಸಾಮ್ ಪಾಠ ಒಪ್ಪಿಸುವಂತೆ ಮೂರು ಸಲ ಹೇಳಿ ತೋರಿಸುತ್ತಾಳೆ. ಮೂರನೇ ಸಲ ಬೂಜಮಾ ಕೌಂಟರಿನ ಹುಡುಗಿಯಾಗಿ ಅಡ್ಡ ಪ್ರಶ್ನೆ ಕೇಳುತ್ತಾನೆ.

ಇನ್ನು ಉಳಿದದ್ದು ಕುಟುಂಬ ಪುಸ್ತಕ. ಅದಕ್ಕೆ ಬತೂಲ್ ಏನೂ ಮಾಡುವ ಹಾಗಿಲ್ಲ. ಬೇರೆಯವರ ಬೀರುವಿಗೆ ಇವರ ಮಾತು ನಡೆಯುವುದಿಲ್ಲ. ಶುಕ್ರವಾರ ಸುದ್ದಿಯಿಲ್ಲ. ಶನಿವಾರ ಇಲ್ಲ. ಭಾನುವಾರ ಮೇಜು ಹಾಕುವ ದಿನವಲ್ಲ, ಆದರೂ ಬತೂಲ್ ಬಂದು ಕೂತಿದ್ದಾರೆ. ನಾನು ಮಹಡಿಯಿಂದ ನೋಡಿ ಇಳಿದು ಬರುತ್ತೇನೆ. ಅಂದು ಮಧ್ಯಾಹ್ನದ ವಿಮಾನ ಹೊರಡುತ್ತದೆ. ಇಬ್ತಿಸ್ಸಾಮ್ ಅದರಲ್ಲಿ ಒಬ್ಬಳೇ ಹೋದಳೋ, ಇಲ್ಲೇ ಉಳಿದಳೋ ನಮ್ಮಿಬ್ಬರಿಗೂ ಗೊತ್ತಿಲ್ಲ. "ಫೋನ್ ಮಾಡಿ ಕೇಳ್ಬಹುದಲ್ಲಾ" ಅನ್ನುತ್ತೇನೆ. "ಹೋಗಿದ್ರೆ ಏನ್ಮಾಡ್ಲಿ?" ಅನ್ನುತ್ತಾರೆ.

ಆಗ ಅವರನ್ನು ಕೇಳಿದೆ, ಹಿಬಾಳ ಪತ್ರ ಬಂದರೆ ಏನು ಮಾಡುತ್ತೀರಿ ಎಂದು. "ದಿನಕ್ಕೆ ಐದು ಸಲ ಬೇಗ ಬರ್ಲಿ ಅಂತ ಕೇಳ್ಕೋತೀನಿ. ಬಂದ ದಿನ ನನ್ನ ಎದೆ ಒಡೆದು ಹೋಗತ್ತೆ. ಬರ್ಲಿ, ಒಡೀಲಿ. ಅವ್ಳು ವಿಮಾನದಲ್ಲಿ ಅಳ್ತಾ ಹೋಗ್ತಾಳಲ್ಲಾ, ಅದೊಂದೇ ನಂಗೆ ಸಂಕಟ. ಆಗ್ಲೇ ಹೋಗಿದ್ರೆ ಹಾಲು ಕುಡ್ಕೊಂಡು ನಿದ್ದೆ ಮಾಡ್ತಾ ಹೋಗಿರೋಳು."

ಸೋಮವಾರ ಇಬ್ತಿಸ್ಸಾಮ್ ಬರುತ್ತಾಳೆ. ಕುಟುಂಬ ಪುಸ್ತಕ ಕೈಯಲ್ಲಿದೆ! ಶನಿವಾರ ಸಂಜೆ ಹಾಜ್ಜಾ ತಾನಾಗಿ ಬೀರು ತೆಗೆದು, ಪುಸ್ತಕವನ್ನು ಸೊಸೆಯ ತೊಡೆ ಮೇಲೆ ಎಸೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಯಾಕೆ ಅಂತ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಬರಲಾಗುವುದಿಲ್ಲ ಎಂದು ಮೊದಲೇ ತಿಳಿಸಿದ್ದಕ್ಕೆ ಕಾರ್ಖಾನೆಯಿಂದ ಕೆಲಸ ಹೋದ ಸಂದೇಶವೂ ಅದೇ ಬೆಳಿಗ್ಗೆ ಬಂದಿದೆ. ಅದನ್ನು ತೋರಿಸುವಾಗ ಇಬ್ತಿಸ್ಸಾಮ್ ಅಳುತ್ತಾಳೆ. ಬತೂಲ್ ಅವಳಿಗೆ ರೊಟ್ಟಿ ಜೇನು ತಿನ್ನಿಸಿ, ಮಗುವಿನ ಫೋಟೋ ತೆಗೆಸಲು ತಾವೇ ಜೊತೆಗೆ ಹೋಗುತ್ತಾರೆ. ಸೊಹೈಬ್ ಎರಡನೇ ಪ್ರಯತ್ನಕ್ಕೆ ಕಣ್ಣು ಬಿಡುತ್ತಾನೆ.

ಆಮೇಲಿನದು ಸಣ್ಣ ಕಥೆ. ಅಪ್ಪನ ಒಪ್ಪಿಗೆ ಬಂತು, ಪಾಸ್‌ಪೋರ್ಟು ಬಂತು. ಕೌಂಟರಿನಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿದರು. ಇಬ್ತಿಸ್ಸಾಮ್ ಕದಲಲಿಲ್ಲ. ಆ ಕಡೆಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಾಗದ ನೋಡಿ, ಮಗುವಿನ ಮುಖ ನೋಡಿ, ಒಳಗಿನ ಕೋಣೆಗೆ ಕಳಿಸಿ, ಮೊಹರು ಒತ್ತಿ ಬಿಟ್ಟ. ರದ್ವಾನ್ ಮಗನನ್ನು ಎತ್ತಿಕೊಂಡು ನಿಂತ ಹನ್ನೆರಡು ಸೆಕೆಂಡಿನ ವೀಡಿಯೋ ಬತೂಲ್ ಫೋನಿಗೆ ಬಂತು. ಅವರು ಅದನ್ನು ಒಂದೇ ಸಲ ನೋಡಿ ಫೋನನ್ನು ಬೋರಲು ಹಾಕಿ, ಕಾಯುತ್ತಿದ್ದ ಮುದುಕನ ಜನ್ಮ ವರ್ಷದ ಜಗಳಕ್ಕೆ ಮರಳಿದರು.

ಹತ್ತು ದಿನದ ಮೇಲೆ, ಆರು ಗಂಟೆಯ ಹೊತ್ತಿಗೆ, ಹಾಜ್ಜಾ ತಾಮೂ ಬರುತ್ತಾಳೆ. ಒಬ್ಬಳೇ. ಬೆನ್ನ ಮೇಲಿನ ಶಾಲು ಹೆಗಲಿಗೆ ಸುಮ್ಮನೆ ಬಿದ್ದಿದೆ. ಸಲಾಮು ಹೇಳದೆ ಕುರ್ಚಿ ಎಳೆದು ಕೂರುತ್ತಾಳೆ. ಬೂಜಮಾ ಗಾಬರಿಯಾಗಿ ಚಹಾದ ಲೋಟ ಹಿಡಿದು ಅಲ್ಲೇ ನಿಲ್ಲುತ್ತಾನೆ.

"ನನ್ನ ಮನೆ ಖಾಲಿ ಮಾಡಿದೆ ನೀನು," ಅನ್ನುತ್ತಾಳೆ.

"ಹೂಂ ಹಾಜ್ಜಾ."

"ಆ ನಿನ್ನ ಹುಡುಗಿ ಮಾತು. ನೆಂಟರು ಅಂದಿದ್ದು. ನಾಲ್ಕು ದಿನ ಅದು ನನ್ನ ಕಿವೀಲೇ ಇತ್ತು. ನನ್ನ ಮಗ ಬಾಗಿಲಲ್ಲಿ ನಿಂತು ನೆಂಟ ಅನ್ನಿಸ್ಕೊಳ್ಳೋದು ನಂಗೆ ನೋಡೋಕಾಗಲ್ಲ ಅಂತ ಪುಸ್ತಕ ಕೊಟ್ಟೆ. ನಿನಗೋಸ್ಕರ ಅಲ್ಲ."

"ಗೊತ್ತು."

"ಗೊತ್ತಂತೆ! ಎಲ್ಲಾ ಗೊತ್ತು ನಿಂಗೆ." ಹಾಜ್ಜಾ ಶಾಲಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾಳೆ. ಆಮೇಲೆ ಕೈಚೀಲದಿಂದ ತನ್ನ ಗುರುತಿನ ಚೀಟಿ ತೆಗೆದು ಮೇಜಿನ ಮೇಲೆ ಇಡುತ್ತಾಳೆ. ಅದರಲ್ಲಿ ಹುಟ್ಟಿದ ದಿನವಿಲ್ಲ, ತಿಂಗಳಿಲ್ಲ, ಬರೀ ವರ್ಷ. "ನಾನೂ ಹೋಗ್ಬೇಕು. ಇರೋಕಲ್ಲ, ನೋಡ್ಕೊಂಡು ಬರೋಕೆ. ಅದಕ್ಕೂ ಅರ್ಜಿ ಹಾಕ್ಬೇಕಂತಲ್ಲಾ. ಅಂಚೆ ಕಚೇರಿಯೋನ ಹತ್ರ ಹೋಗಲ್ಲ. ಇದನ್ನಾದ್ರೂ ಬರೀತೀಯೋ, ಇಲ್ಲ ಇದನ್ನೂ ಬರಿಯಲ್ಲ ಅಂತೀಯೋ?"

ಬತೂಲ್ ಗುರುತಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯುತ್ತಾರೆ. ಸಾಲಿನಲ್ಲಿ ಆಗಲೇ ಎಂಟು ಜನ ನಿಂತಿದ್ದಾರೆ, ಕೊನೆಯವನು ಗಡಿಯಾರ ನೋಡುತ್ತಿದ್ದಾನೆ. ಬತೂಲ್ ಅವರತ್ತ ಕೈ ತೋರಿಸಿ, ಸ್ವಲ್ಪ ತಡಿಯಿರಿ ಅನ್ನುತ್ತಾರೆ.

"ಬರೀತೀನಿ ಹಾಜ್ಜಾ," ಅನ್ನುತ್ತಾರೆ. "ನಿಧಾನಕ್ಕೆ ಹೇಳಿ. ನನ್ನಷ್ಟು ಚೆನ್ನಾಗಿ ಈ ಊರಲ್ಲಿ ಯಾರೂ ಬರಿಯಲ್ಲ."